ಲಿಫ್ಟ್ ಹತ್ತದವರೂ ದುಡ್ಡು ಕೊಡಬೇಕಾ?
ಮಂಗಳೂರು ಕದ್ರಿಯ ನಿಮ್ಮ 14 ಮಹಡಿಯ ಕಟ್ಟಡದಲ್ಲಿ ಮೊದಲ ಮಹಡಿಯವರು "ನಾವು ಲಿಫ್ಟ್ ಹತ್ತುವುದೇ ಇಲ್ಲ, ಖರ್ಚು ಯಾಕೆ ಕೊಡಬೇಕು" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಕೊಡಲೇಬೇಕು ಮಾರಾಯ್ರೆ.

ಮೊದಲು ಡೀಡ್ ಆಫ್ ಡಿಕ್ಲರೇಷನ್, ಅಂದರೆ ಕಟ್ಟಡವನ್ನು ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ, ಹುಡುಕಿ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಅದು ನೋಂದಣಿ ಆಗಿದ್ದರೆ ಈ ವಾದ ನಿಲ್ಲುವುದಿಲ್ಲ. "ನನಗೆ ಲಿಫ್ಟ್ ಬೇಡ" ಅಂತ ಬಿಟ್ಟುಕೊಟ್ಟರೂ ಖರ್ಚಿನ ಪಾಲು ತಪ್ಪುವುದಿಲ್ಲ, ಕಾಯ್ದೆಯಲ್ಲೇ ಹಾಗಿದೆ. ಯಾರ ಪಾಲು ಶೇಕಡಾ ಎಷ್ಟು ಅನ್ನುವುದೂ ಡೀಡ್‌ನಲ್ಲೇ ಇರುತ್ತದೆ. ನೀವು ಅದನ್ನು ನೋಡದೆ ಎಲ್ಲರಿಗೂ ಸಮ ಹಂಚಿದ್ದೀರಾ? ಹಾಗಿದ್ದರೆ ಸಣ್ಣ ಫ್ಲಾಟಿನವರ ಸಿಟ್ಟು ನ್ಯಾಯವೇ. ಲಿಫ್ಟ್ ಸುಮ್ನೆ ನೆಪ ಇರಬಹುದು.

ನಮ್ಮೂರಲ್ಲಿ ಲಿಫ್ಟಿನ ರಿಪೇರಿಯೂ ಜಾಸ್ತಿ. ಜೂನ್‌ನಲ್ಲಿ ಸರ್ವಿಸ್‌ನವರು ಬಂದಾಗ ಮೊದಲ ಮಹಡಿಯವರನ್ನೂ ಕರೆದು ಲಿಫ್ಟಿನ ಕೆಳಗಿನ ಹೊಂಡ ತೋರಿಸಿ. ಗೋಡೆಯಿಂದ ಒಸರುವ ನೀರು, ತಳದ ಸ್ಪ್ರಿಂಗಿಗೆ ಕೆಂಪಗೆ ಹಿಡಿದ ತುಕ್ಕು, ಉಪ್ಪುಗಾಳಿ ಬೇರೆ. ಮೇಲಿನ ಟ್ಯಾಂಕ್ ತೊಳೆಯುವವರು ಹೋಗುವುದೂ ಅದೇ ಲಿಫ್ಟಿನಲ್ಲಿ. ಆ ನೀರು ಮೊದಲ ಮಹಡಿಗೂ ಬರುತ್ತದೆ ಅಲ್ವಾ?

ಬಾಕಿ ಇದೆ ಅಂತ ನೀರು, ಕರೆಂಟ್ ಕಟ್ ಮಾಡಿಸಲು ಮಾತ್ರ ಹೋಗಬೇಡಿ. ತಿರುಗಿ ನಿಮ್ಮ ಮೇಲೇ ದೂರು ಬಂದೀತು. ಲೆಕ್ಕ ತೋರಿಸಿ, ಲಿಖಿತ ನೋಟಿಸ್ ಕೊಡಿ. ಅದೇ ಕಾಯ್ದೆಯ ಪ್ರಕಾರ ಕಟ್ಟದೆ ಉಳಿದ ಪಾಲು ಆ ಫ್ಲಾಟಿನ ಮೇಲೇ ಹೊರೆಯಾಗಿ ಕೂರುತ್ತದೆ. ಮಾರುವ ದಿನ ಅವರೇ ನಿಮ್ಮ ಹತ್ತಿರ ಬರುತ್ತಾರೆ.