ಮ್ಯಾಗ್ನೆಟ್ ಸ್ಕ್ರೂ ಡ್ರೈವರ್ ಬಳಸಿದರೆ ಡೇಟಾ ಹೋಗುತ್ತದೆಯೇ?

ಪ್ರಶ್ನೆ: ನಾನು ಬದಿಯಡ್ಕದ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಮೊನ್ನೆ ಮಂಗಳೂರಿಗೆ ಹೋದಾಗ ತುದಿಯಲ್ಲಿ ಮ್ಯಾಗ್ನೆಟ್ ಇರುವ ಸ್ಕ್ರೂ ಡ್ರೈವರ್ ಸೆಟ್ ತಂದೆ. ಅಂಗಡಿಯ ಅಣ್ಣ ನೋಡಿದವರೇ, "ಇದನ್ನು ಹಾರ್ಡ್ ಡಿಸ್ಕ್ ಹತ್ತಿರ ತರಬೇಡ, ಗಿರಾಕಿಯ ಡೇಟಾ ಎಲ್ಲ ಹೋದೀತು" ಎಂದರು. ಅವರು ತುಂಬ ಅನುಭವ ಇರುವವರು, ಎದುರು ಮಾತಾಡಲಿಲ್ಲ. ಆದರೆ ಸ್ಕ್ರೂ ಜಾರಿ ಮದರ್‌ಬೋರ್ಡ್ ಅಡಿಗೆ ಹೋದರೆ ಹುಡುಕುವ ಕಷ್ಟ ದಿನಾ ಇದ್ದದ್ದೇ. ಈ ಸೆಟ್ ಬಳಸಬಹುದೇ ಸರ್?

ಉತ್ತರ: ಬಳಸಬಹುದು. ಹೆದರಿಕೆ ಬೇಡ. ಹಾಗಂತ ನಿಮ್ಮ ಅಣ್ಣ ಸುಮ್ನೆ ಹೇಳಿದ್ದಲ್ಲ. ಅವರು ಕೆಲಸ ಕಲಿತ ಕಾಲದಲ್ಲಿ ಅದು ಸರಿಯಾದ ಎಚ್ಚರಿಕೆಯೇ ಆಗಿತ್ತು.

ಆಗ ಮೇಜಿನ ತುಂಬ ಫ್ಲಾಪಿಗಳು ಇರುತ್ತಿದ್ದವು. ಫ್ಲಾಪಿಯ ಒಳಗೆ ಇದ್ದದ್ದು ಕಾಂತದ ಲೇಪ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆ. 1.44 ಎಂಬಿ ಫ್ಲಾಪಿಯಲ್ಲಿ ಬರೆದದ್ದನ್ನು ಅಳಿಸಲು ಸುಮಾರು 700 ಅರ್ಸ್ಟೆಡ್ ಮಟ್ಟದ ಕಾಂತಬಲ ಸಾಕಾಗುತ್ತಿತ್ತು. ಅದರ ಮೇಲೇ ಒಂದು ಒಳ್ಳೆಯ ಮ್ಯಾಗ್ನೆಟ್ ಇಟ್ಟರೆ ಕಡತಗಳು ಹೋದ ಹಾಗೆಯೇ. ದಪ್ಪ ಹೊಟ್ಟೆಯ ಹಳೆಯ ಮಾನಿಟರ್‌ಗಳೂ ಹಾಗೇ. ಹತ್ತಿರ ಮ್ಯಾಗ್ನೆಟ್ ಬಂದರೆ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಕೂತುಬಿಡುತ್ತಿತ್ತು. ಅದನ್ನು ಹೋಗಿಸಲಿಕ್ಕೆಂದೇ ಎಷ್ಟೋ ಮಾನಿಟರ್‌ಗಳಲ್ಲಿ ಡೀಗಾಸ್ ಎಂಬ ಗುಂಡಿ ಇರುತ್ತಿತ್ತು. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು. ಹೊಟ್ಟೆಯ ಮಾನಿಟರ್‌ಗಳು ಗುಜರಿ ಸೇರಿದವು. ಎಚ್ಚರಿಕೆ ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡು ಬಂತು.

ಇನ್ನು ಹಾರ್ಡ್ ಡಿಸ್ಕ್. ಅದೂ ಕಾಂತದಲ್ಲೇ ಬರೆದಿಡುತ್ತದೆ, ನಿಜ. ಆದರೆ ಅದರ ತಟ್ಟೆಯ ಮೇಲಿನ ಬರಹ ಅಳಿಸಬೇಕಾದರೆ ಹಲವು ಸಾವಿರ ಅರ್ಸ್ಟೆಡ್ ಬೇಕು. ಸ್ಕ್ರೂ ಡ್ರೈವರ್ ತುದಿಯ ಸೆಳೆತ ಅದರ ಹತ್ತಿರಕ್ಕೂ ಬರುವುದಿಲ್ಲ. ಮೇಲಾಗಿ ಕೆಲವೇ ಮಿಲಿಮೀಟರ್ ದೂರ ಹೋದರೂ ಅದು ಬಹಳಷ್ಟು ಕಡಿಮೆಯಾಗುತ್ತದೆ. ಇನ್ನೂ ಒಂದು ವಿಷಯ ಇದೆ. ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನು ಬಿಚ್ಚಿ ನೋಡಿ. ಬರೆಯುವ, ಓದುವ ಹೆಡ್ ಇರುವ ತೋಳನ್ನು ಆಡಿಸಲು ಒಳಗೇ ನಿಯೋಡಿಮಿಯಮ್ ಮ್ಯಾಗ್ನೆಟ್ ಇಟ್ಟಿರುತ್ತಾರೆ. ಕೈಯಲ್ಲಿ ಬಿಡಿಸಲು ಹರಸಾಹಸ ಬೇಕು, ಅಷ್ಟು ಗಟ್ಟಿ. ಅಂಥ ಮ್ಯಾಗ್ನೆಟ್ ಪಕ್ಕದಲ್ಲೇ ವರ್ಷಗಟ್ಟಲೆ ತಿರುಗಿದ ತಟ್ಟೆಗೆ ನಿಮ್ಮ ಸ್ಕ್ರೂ ಡ್ರೈವರ್ ಏನು ಮಾಡೀತು?

ಎಸ್‌ಎಸ್‌ಡಿ, ಪೆನ್‌ಡ್ರೈವ್, ರ‍್ಯಾಮ್, ಬಯೋಸ್ ಚಿಪ್ ಇವುಗಳಿಗೆ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಮಾಹಿತಿ ಇರುವುದು ವಿದ್ಯುತ್ ಚಾರ್ಜ್ ರೂಪದಲ್ಲಿ.

ಹಾಗಾದರೆ ಎಚ್ಚರ ಬೇಕಾದದ್ದು ಎಲ್ಲಿ? ನೀವೇ ಬರೆದಿದ್ದೀರಿ, ಜಾರಿ ಬೀಳುವ ಸ್ಕ್ರೂವಿನಲ್ಲಿ. ಮದರ್‌ಬೋರ್ಡ್ ಅಡಿಯಲ್ಲಿ ಬೆಸುಗೆಯ ಮೊನೆಗಳು ಬರಿದೇ ಇರುತ್ತವೆ. ಅಲ್ಲಿ ಒಂದು ಸ್ಕ್ರೂ ಸಿಕ್ಕಿಕೊಂಡಿರುವಾಗ ಸ್ವಿಚ್ ಹಾಕಿದರೆ ಬೋರ್ಡ್ ಶಾರ್ಟ್ ಆಗಬಹುದು. ಎಂ.2 ಎಸ್‌ಎಸ್‌ಡಿ ಹಿಡಿದಿಡುವ ಸ್ಕ್ರೂ ನೋಡಿದ್ದೀರಲ್ವಾ? ಎರಡು ಮಿಲಿಮೀಟರ್ ದಪ್ಪ, ಉದ್ದ ಸುಮಾರು ಮೂರು ಮಿಲಿಮೀಟರ್. ದಪ್ಪ ಬೆರಳಿಗೆ ಅದು ಸಿಗುವುದೇ ಇಲ್ಲ. ಇಂಥ ಕಡೆ ಮ್ಯಾಗ್ನೆಟ್ ತುದಿ ಇಲ್ಲದೆ ಕೆಲಸ ಮಾಡುವುದೇ ಜಾಸ್ತಿ ಅಪಾಯ ಎಂದು ನಾನು ಹೇಳುತ್ತೇನೆ.

ಆದರೆ ಮ್ಯಾಗ್ನೆಟ್ ಇದೆ ಎಂದು ತುದಿಯ ಅಳತೆ ಮರೆಯಬೇಡಿ. ನಮ್ಮ ಕಡೆ ಪ್ಲಸ್ ಗುರುತಿನದ್ದನ್ನೆಲ್ಲ ಸ್ಟಾರ್ ಎಂದೇ ಕರೆದು, ಕೈಗೆ ಸಿಕ್ಕಿದ್ದನ್ನು ಹಾಕಿ ತಿರುಗಿಸುತ್ತೇವೆ. ಕ್ಯಾಬಿನೆಟ್ ಸ್ಕ್ರೂಗೆ ಪಿಎಚ್2 ಅಳತೆಯ ತುದಿ ಬೇಕು. ಲ್ಯಾಪ್‌ಟಾಪ್ ಅಡಿಯ ಸ್ಕ್ರೂಗೆ ಸಾಮಾನ್ಯವಾಗಿ ಪಿಎಚ್0, ಇನ್ನೂ ಸಣ್ಣದಕ್ಕೆ ಪಿಎಚ್00. ಸಣ್ಣ ತುದಿಯನ್ನು ದೊಡ್ಡ ಸ್ಕ್ರೂಗೆ ಹಾಕಿದರೂ ಮ್ಯಾಗ್ನೆಟ್ ಅಂಟಿಕೊಳ್ಳುತ್ತದೆ. ಸರಿಯಾಗಿ ಕೂತಿದೆ ಎಂದು ನಿಮಗೆ ಅನಿಸುತ್ತದೆ. ತಿರುಗಿಸಿದಾಗ ಸ್ಕ್ರೂವಿನ ತಲೆ ಸವೆದುಹೋಗುತ್ತದೆ, ತುದಿ ಜಾರಿ ಬೋರ್ಡಿನಲ್ಲಿ ಕರೆಂಟ್ ಹರಿಯುವ ಗೆರೆಯನ್ನು ಕೊಯ್ಯುತ್ತದೆ. ಮ್ಯಾಗ್ನೆಟ್ ಡೇಟಾ ಅಳಿಸಿತು ಎಂಬ ದೂರಿಗಿಂತ ಹೀಗೆ ಬೋರ್ಡ್ ಗೀರಿಹೋದ ಸಂಗತಿಯೇ ನಿಜವಾಗಿ ಆಗುವಂಥದ್ದು.

ಸ್ಕ್ರೂ ಕೂರಿಸುವಾಗ ಮೊದಲು ಎಡಕ್ಕೆ ಮೆಲ್ಲ ತಿರುಗಿಸಿ. ಸ್ಕ್ರೂವಿನ ಮರೆ (ಥ್ರೆಡ್) ಕೂತಲ್ಲಿ ಟಕ್ ಎಂದು ಒಂಚೂರು ಇಳಿದದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ. ಲ್ಯಾಪ್‌ಟಾಪ್‌ನ ಅಡಿಯ ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಗಿಡ್ಡದ್ದರ ಜಾಗಕ್ಕೆ ಉದ್ದದ್ದು ಹೋದರೆ ಮೇಲಿನ ಭಾಗ ಉಬ್ಬುತ್ತದೆ, ಕೆಲವೊಮ್ಮೆ ಒಳಗಿನ ಬೋರ್ಡಿಗೇ ಚುಚ್ಚುತ್ತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡಿ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಲ್ಯಾಪ್‌ಟಾಪ್ ಆಫ್ ಇದ್ದರೂ ಬ್ಯಾಟರಿ ಇರುವ ತನಕ ಬೋರ್ಡಿನ ಕೆಲವು ಕಡೆ ಕರೆಂಟ್ ಇರುತ್ತದೆ, ಸ್ಕ್ರೂ ಡ್ರೈವರ್ ಉಕ್ಕಿನದ್ದು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಕಲಿಯುವ ಹಂತದಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಇಲ್ಲಿಯ ಮಣ್ಣಿನಲ್ಲಿ ಮ್ಯಾಗ್ನೆಟ್ ಎಳೆದರೆ ಕಪ್ಪು ಹುಡಿ ಅಂಟಿಕೊಳ್ಳುವುದನ್ನು ಮಕ್ಕಳೂ ಆಡುತ್ತ ನೋಡಿರುತ್ತಾರೆ. ಅಂಗಡಿಯ ಪಕ್ಕ ವೆಲ್ಡಿಂಗ್ ಶಾಪ್ ಇದ್ದರಂತೂ ಗಾಳಿಯಲ್ಲೇ ಕಬ್ಬಿಣದ ಹುಡಿ ಇರುತ್ತದೆ. ಅದು ನಿಮ್ಮ ಸ್ಕ್ರೂ ಡ್ರೈವರ್ ತುದಿಗೆ ಮೆತ್ತಿಕೊಂಡು ನೇರ ಬೋರ್ಡಿನ ಮೇಲೆ ಹೋಗಿ ಬೀಳುತ್ತದೆ. ಚಿಪ್‌ನ ಕಾಲುಗಳ ನಡುವೆ ಕೂತರೆ ತೊಂದರೆಯೇ. ಬಟ್ಟೆಯಲ್ಲಿ ಒರೆಸಿದರೆ ಆ ಹುಡಿ ಪೂರ್ತಿ ಬಿಡುವುದಿಲ್ಲ. ಸೆಲ್ಲೋ ಟೇಪಿನ ಅಂಟು ಬದಿಯನ್ನು ತುದಿಗೆ ಒತ್ತಿ ಕೀಳಿ, ಎಲ್ಲ ಬರುತ್ತದೆ. ಪ್ರತಿ ಕೆಲಸಕ್ಕೆ ಮೊದಲು ಇದನ್ನು ಮಾಡಿ.

ಅಣ್ಣನಿಗೆ ಒಂದು ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿ ಒಳಗಿನ ಮ್ಯಾಗ್ನೆಟ್ ತೋರಿಸಿ. ವಾದ ಮಾಡಬೇಕಾಗಿ ಬರಲಿಕ್ಕಿಲ್ಲ.

ಪ್ರಶ್ನೆ: ಅಂಥ ಹಳೆಯ ಹಾರ್ಡ್ ಡಿಸ್ಕಿನ ಮ್ಯಾಗ್ನೆಟ್‌ಗೆ ಉಜ್ಜಿ ಸ್ಕ್ರೂ ಡ್ರೈವರ್‌ಗೆ ಸೆಳೆತ ಬರಿಸಬಹುದು ಎನ್ನುತ್ತಾರೆ. ಹೌದೇ? ನನ್ನ ಸ್ಕ್ರೂ ಡ್ರೈವರ್ ಕೆಲವು ಹೊಸ ಸ್ಕ್ರೂಗಳನ್ನು ಎತ್ತುವುದೇ ಇಲ್ಲ. (ಉಪ್ಪಳದ ಓದುಗರು)

ಉತ್ತರ: ಹೌದು, ಬರುತ್ತದೆ. ಸ್ಕ್ರೂ ಡ್ರೈವರನ್ನು ಮ್ಯಾಗ್ನೆಟ್ ಮೇಲೆ ಹಿಡಿಯ ಕಡೆಯಿಂದ ತುದಿಯ ಕಡೆಗೆ, ಒಂದೇ ದಿಕ್ಕಿಗೆ ಹತ್ತಿಪ್ಪತ್ತು ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಬೇಡಿ. ಅಂಥ ಮ್ಯಾಗ್ನೆಟ್ ಎರಡು ಇದ್ದರೆ ದೂರ ದೂರ ಇಡಿ. ಅವು ಪಟಕ್ಕನೆ ಕೂಡಿಕೊಂಡಾಗ ಬೆರಳು ಮಧ್ಯೆ ಇದ್ದರೆ ಚರ್ಮ ಕಿತ್ತುಬರುತ್ತದೆ, ಮ್ಯಾಗ್ನೆಟ್ ಒಡೆದು ಚೂರು ಕಣ್ಣಿಗೂ ಹಾರಬಹುದು. ಈ ಬಿಡಿ ಮ್ಯಾಗ್ನೆಟನ್ನು ಓಡುತ್ತಿರುವ ಹಾರ್ಡ್ ಡಿಸ್ಕ್ ಮೇಲೆ ಇಡಬೇಡಿ, ಕಪ್ಪು ಪಟ್ಟಿ ಇರುವ ಕಾರ್ಡುಗಳ ಜೊತೆಯೂ ಇಡಬೇಡಿ. ಸ್ಕ್ರೂ ಡ್ರೈವರ್‌ಗೆ ಕೊಟ್ಟ ಧೈರ್ಯ ಇದಕ್ಕೆ ಸಲ್ಲುವುದಿಲ್ಲ.

ಹೊಸ ಸ್ಕ್ರೂ ಏಳದಿರಲು ಕಾರಣ ಬೇರೆ ಇರಬಹುದು. ಸಮುದ್ರದ ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ ಎಂದು ಸ್ಟೇನ್‌ಲೆಸ್ ಸ್ಟೀಲಿನವು ತಂದು ಹಾಕಿದ್ದೀರಾ? ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೀಲ್ ಮ್ಯಾಗ್ನೆಟ್‌ಗೆ ಅಂಟುವುದೇ ಇಲ್ಲ ಎನ್ನಬಹುದು. ಹಿತ್ತಾಳೆಯದ್ದೂ ಅಷ್ಟೇ. ಅದಕ್ಕೆ ಚಿಮಟವೇ ಗತಿ.

ಪ್ರಶ್ನೆ: ಕುಂಬಳೆ ಹತ್ತಿರದ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಲಿಟಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳಿಗೆ ಹಳೆಯ ಸಿಪಿಯು ಬಿಚ್ಚಿ ತೋರಿಸುತ್ತಿದ್ದೆ. ಸ್ಕ್ರೂ ಹಾಕುವ ಮ್ಯಾಗ್ನೆಟ್ ಬಟ್ಟಲನ್ನು ಪಕ್ಕದ ಲ್ಯಾಪ್‌ಟಾಪ್ ಕೀಬೋರ್ಡಿನ ಬದಿಯಲ್ಲಿ ಇಟ್ಟೆ. ಸ್ಕ್ರೀನ್ ಒಮ್ಮೆಲೇ ಕಪ್ಪಾಯಿತು. ತೆಗೆದ ಮೇಲೆ ಸರಿಯಾಯಿತು. ಏನಾದರೂ ಹಾಳಾಗಿದೆಯೇ?

ಉತ್ತರ: ಏನೂ ಹಾಳಾಗಿಲ್ಲ ಟೀಚರ್. ಮುಚ್ಚಿದ್ದು ಗೊತ್ತಾಗಲಿ ಎಂದು ಅನೇಕ ಲ್ಯಾಪ್‌ಟಾಪ್‌ಗಳ ಪರದೆಯ ಅಂಚಿನಲ್ಲಿ ಸಣ್ಣ ಮ್ಯಾಗ್ನೆಟ್, ಕೆಳಗೆ ಕೀಬೋರ್ಡಿನ ಬದಿಯಲ್ಲಿ ಮ್ಯಾಗ್ನೆಟ್ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್ (Hall sensor) ಇರುತ್ತದೆ. ನಿಮ್ಮ ಬಟ್ಟಲು ಆ ಸೆನ್ಸರ್ ಮೇಲೆ ಬಂತು. ಮುಚ್ಚಿದ್ದಾರೆ ಎಂದುಕೊಂಡು ಲ್ಯಾಪ್‌ಟಾಪ್ ನಿದ್ದೆಗೆ ಹೋಯಿತು. ಮಕ್ಕಳಿಗೆ ಇದನ್ನೇ ಒಂದು ಪಾಠ ಮಾಡಿ. ಸಣ್ಣ ಮ್ಯಾಗ್ನೆಟ್ ಒಂದನ್ನು ಅಂಚಿನುದ್ದಕ್ಕೂ ಸರಿಸಿ ಸೆನ್ಸರ್ ಎಲ್ಲಿದೆ ಎಂದು ಅವರೇ ಹುಡುಕಲಿ. ಬೇಕಾದ ಕಡತ ಸೇವ್ ಮಾಡಿದ ಮೇಲೆ!

ಪ್ರಶ್ನೆ: ನನ್ನ ಅಪ್ಪನಿಗೆ ಪೇಸ್‌ಮೇಕರ್ ಇದೆ. ನಾನು ಮನೆಯಲ್ಲೇ ರಿಪೇರಿ ಕೆಲಸ ಮಾಡುತ್ತೇನೆ. ಈ ಉಪಕರಣಗಳಿಂದ ತೊಂದರೆ ಉಂಟೇ? (ಮುಳ್ಳೇರಿಯದ ಓದುಗರು)

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಪೇಸ್‌ಮೇಕರ್ ಹತ್ತಿರಕ್ಕೆ ಬಲವಾದ ಮ್ಯಾಗ್ನೆಟ್ ಬಂದರೆ, ಅದು ಹೃದಯದ ಬಡಿತವನ್ನು ಗಮನಿಸುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ಕೆಲಸ ಮಾಡತೊಡಗುತ್ತದೆ. ಮ್ಯಾಗ್ನೆಟ್ ದೂರ ಹೋದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಆದರೂ ಅಪಾಯ ಕರೆದು ತರಬಾರದು. ಮ್ಯಾಗ್ನೆಟ್ ಇರುವ ಯಾವುದೇ ವಸ್ತು ಅವರ ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ. ಸ್ಕ್ರೂ ಡ್ರೈವರ್ ಸ್ವಲ್ಪ ಎತ್ತಿಕೊಡಿ ಎಂದು ಅವರಿಗೆ ಹೇಳುವ ಅಭ್ಯಾಸ ಇದ್ದರೆ ಬಿಡಿ. ಹಿರಿಯರು ಕೈಗೆ ಸಿಕ್ಕಿದ್ದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುವುದುಂಟು, ಆ ಜೇಬು ಸರಿಯಾಗಿ ಪೇಸ್‌ಮೇಕರ್ ಹತ್ತಿರವೇ ಬರುತ್ತದೆ. ಬಿಡಿ ನಿಯೋಡಿಮಿಯಮ್ ಮ್ಯಾಗ್ನೆಟ್‌ಗಳನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ನಿಮ್ಮ ಕೆಲಸದ ಕೋಣೆಯಲ್ಲೇ ಇಡಿ. ಮುಂದಿನ ಸಲ ತಪಾಸಣೆಗೆ ಹೋದಾಗ ಮನೆಯಲ್ಲಿ ಇಂಥ ಕೆಲಸ ನಡೆಯುತ್ತದೆ ಎಂದು ಡಾಕ್ಟರ್‌ಗೂ ತಿಳಿಸಿ.