ಕೊಳೆಗೇರಿಯೋ, ಕೊಳಗೇರಿಯೋ?

ಪ್ರಶ್ನೆ: ಕೊಳೆಗೇರಿ, ಕೊಳಗೇರಿ, ಕೊಳಚೆ ಪ್ರದೇಶ – ಪತ್ರಿಕೆಗಳಲ್ಲಿ ಮೂರೂ ಕಾಣುತ್ತವೆ. ಯಾವುದು ಸರಿ? ಅಲ್ಲಿ ವಾಸಿಸುವವರಿಗೆ ಈ ಪದದಿಂದ ನೋವಾಗುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವ್ಯಾಕರಣದ ಪ್ರಕಾರ ಕೊಳೆಗೇರಿ. ಮಳೆ + ಕಾಲ ಮಳೆಗಾಲವಾದ ಹಾಗೆ ಕೊಳೆ + ಕೇರಿ ಆದೇಶ ಸಂಧಿಯಾಗಿದೆ. ‘ಕೊಳಗೇರಿ’ಯನ್ನು ಬಿಡಿಸಿದರೆ ಕೊಳದ ಕೇರಿ ಎಂದೂ ಆದೀತು. ಆದರೆ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಯ ಹೆಸರಿನಲ್ಲೇ ಆ ರೂಪವಿದೆ; ಅದನ್ನು ತಿದ್ದಬೇಡಿ. ಮಂಡಳಿಯ ಹಳೆಯ ಹೆಸರಿನಲ್ಲಿ ‘ಕೊಳಚೆ ನಿರ್ಮೂಲನ’ ಎಂದಿತ್ತು. ನಿರ್ಮೂಲನ ಹೋಗಿ ಅಭಿವೃದ್ಧಿ ಬಂದದ್ದು ಒಳ್ಳೆಯದೇ ಆಯಿತು.

ಕೇರಿ ಎಂದರೆ ಬರೀ ಬೀದಿ, ಓಣಿ. ಕುಂಬಾರಗೇರಿ, ಒಕ್ಕಲಗೇರಿ ಎನ್ನುವಾಗ ಅದರಲ್ಲಿ ಕೀಳೇನೂ ಇಲ್ಲ. ಆದರೆ ದಲಿತರ ಕೇರಿಯನ್ನು ಊರಾಚೆ ಇಟ್ಟ ನೆನಪು ಆ ಪದಕ್ಕೆ ಅಂಟಿಕೊಂಡಿದೆ. ಅದಕ್ಕೆ ‘ಕೊಳೆ’ಯೂ ಸೇರಿದರೆ ಪೆಟ್ಟು ಎರಡು. ನೋವಾಗುವುದು ನಿಜ.

ಹಾಗೆಂದು ಪದವನ್ನೇ ಕೈಬಿಡುವಂತಿಲ್ಲ, ಅದಕ್ಕೆ ಕಾನೂನಿನ ಅರ್ಥವಿದೆ. ತಗ್ಗು ಜಾಗ, ಇಕ್ಕಟ್ಟು, ನೈರ್ಮಲ್ಯದ ಕೊರತೆ, ಗಾಳಿ ಬೆಳಕಿಲ್ಲದ ಶಿಥಿಲ ಮನೆಗಳು – ಇಂಥ ಕಾರಣಗಳ ಮೇಲೆ 1973ರ ಕರ್ನಾಟಕ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿದಾಗ ಮಾತ್ರ ಒಂದು ಜಾಗ ‘ಘೋಷಿತ’ ಕೊಳಗೇರಿ. 2011ರ ಜನಗಣತಿಯಲ್ಲಿ ಅಧಿಸೂಚಿತ, ಮಾನ್ಯತೆ ಪಡೆದ, ಗುರುತಿಸಿದ ಎಂದು ಮೂರು ಬಗೆ. ಗುರುತಿಸಿದ ಬಗೆಗೆ ಸೇರಲು ಕನಿಷ್ಠ 300 ಜನ ಅಥವಾ 60–70 ಮನೆಗಳು ಒತ್ತೊತ್ತಾಗಿ ಇರಬೇಕು. ಹೀಗಾಗಿ, ಮೋರಿಯ ಅಂಚಿನಲ್ಲಿ 40 ಗುಡಿಸಲು ಹಾಕಿಕೊಂಡವರು, ಘೋಷಣೆಯೂ ಮಾನ್ಯತೆಯೂ ಸಿಕ್ಕಿರದಿದ್ದರೆ, ಈ ಲೆಕ್ಕಕ್ಕೇ ಸಿಗುವುದಿಲ್ಲ. ಇತ್ತ ಆರ್‌ಸಿಸಿ ಮನೆಗಳು ಎದ್ದ ಮೇಲೂ ಜಾಗ ದಾಖಲೆಯಲ್ಲಿ ಘೋಷಿತವಾಗಿಯೇ ಉಳಿದಿರಬಹುದು. ಕಣ್ಣಿಗೆ ಕಂಡದ್ದನ್ನು ನೋಡಿ ಬರೆದರೆ ಎರಡೂ ಕಡೆ ತಪ್ಪುತ್ತದೆ.

ವರದಿಯಲ್ಲಿ ‘ಕೊಳೆಗೇರಿ ಜನ ರಸ್ತೆ ತಡೆದರು’ ಎನ್ನಬೇಡಿ. ಆ ಜಾಗಕ್ಕೆ ಅಲ್ಲಿನವರೇ ಇಟ್ಟುಕೊಂಡ ಹೆಸರು ಇರುತ್ತದೆ, ಇಂಥ ನಗರದ ನಿವಾಸಿಗಳು ಎಂದು ಬರೆಯಿರಿ. ಮನುಷ್ಯರಿಗೆ ಈ ಪದವನ್ನು ವಿಶೇಷಣ ಮಾಡುವುದು ಯಾವ ಕಾರಣಕ್ಕೂ ಸರಿಯಲ್ಲ. ಮಾತಿನಲ್ಲಿ ‘ಸ್ಲಂ’ ಎಲ್ಲರಿಗೂ ರೂಢಿ. ಸ್ಲಂ ಜನಾಂದೋಲನದಂಥ ಸಂಘಟನೆ ಅದನ್ನೇ ತನ್ನ ಹೆಸರಿನಲ್ಲಿ ಇಟ್ಟುಕೊಂಡಿದೆ. ಹಕ್ಕು ಕೇಳುವವರ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ. ಹಕ್ಕುಪತ್ರ, ತೆರವು, ಪುನರ್ವಸತಿಯ ಸುದ್ದಿಯಾದರೆ ಮಾತ್ರ ನಯಕ್ಕೆಂದು ‘ಬಡಾವಣೆ’ ಎಂದು ಬದಲಿಸಬೇಡಿ. ಅಲ್ಲಿ ‘ಘೋಷಿತ ಕೊಳಗೇರಿ’ ಎಂದೇ ಇರಲಿ. ನಿವಾಸಿಗಳ ವಾದ ನಿಂತಿರುವುದೇ ಆ ಘೋಷಣೆಯ ಮೇಲೆ.