ರಾಜ್ಯ ಒಪ್ಪಿದ್ರೂ ವೀಸಾ ಒಪ್ಪಲ್ಲ: ಅಮೆರಿಕದ ಗಾಂಜಾ ಕಾನೂನಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದಾನೆ, ಗ್ರೀನ್ ಕಾರ್ಡಿಗೆ ಕಾಯ್ತಿದಾನೆ. ಮೊನ್ನೆ ವಿಡಿಯೋ ಕಾಲಲ್ಲಿ ಅವನ ರೂಮ್‌ಮೇಟ್ 'ಆಂಟಿ, ಇಲ್ಲಿ ಗಾಂಜಾ ಅಂಗಡೀಲೇ ಸಿಗುತ್ತೆ, ಲೀಗಲ್' ಅಂದ. ಕೇಳಿದ್ರೆ ಮಗನೂ ಒಂದೆರಡು ಸಲ ತಗೊಂಡಿದೀನಿ ಅಂತ ಒಪ್ಕೊಂಡ. ಅವತ್ತಿಂದ ನಿದ್ದೆ ಬರ್ತಿಲ್ಲ. ನಿಜವಾಗ್ಲೂ ಲೀಗಲ್ಲಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ರೂಮ್‌ಮೇಟ್ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಮಾತ್ರ ಹೇಳಿದಾನೆ. ಔಷಧಿಗೆ ಅಂತ ಗಾಂಜಾಕ್ಕೆ ಮೊದಲು ಒಪ್ಪಿಗೆ ಕೊಟ್ಟ ರಾಜ್ಯವೇ ಕ್ಯಾಲಿಫೋರ್ನಿಯಾ, 1996ರಲ್ಲಿ, ಜನರೇ ಓಟ್ ಹಾಕಿ. ಆಮೇಲೆ 2016ರಲ್ಲಿ ಮತ್ತೆ ಓಟಾಗಿ 21 ವರ್ಷ ತುಂಬಿದವರು ಸುಮ್ನೆ ಖುಷಿಗೂ ತಗೋಬಹುದು ಅಂತಾಯ್ತು, 28.5 ಗ್ರಾಂ ತನಕ ಜೊತೇಲಿ ಇಟ್ಕೋಬಹುದು, 2018ರ ಜನವರಿಯಿಂದ ಅಂಗಡಿಗಳೂ ಶುರುವಾದ್ವು. ಇದೆಲ್ಲ ರಾಜ್ಯದ ಮಾತು. ದೆಹಲಿ ಇದ್ದ ಹಾಗೆ ಅಲ್ಲಿ ವಾಷಿಂಗ್ಟನ್ ಇದೆ, ಆ ಫೆಡರಲ್ ಸರ್ಕಾರದ 1970ರ ಕಾನೂನಲ್ಲಿ ಅಂಗಡೀಲಿ ಮಾರೋ ಈ ಗಾಂಜಾ ಇವತ್ತಿಗೂ ಅಪರಾಧವೇ. ಅಲ್ಲೇ ಹುಟ್ಟಿದ ಸಿಟಿಜನ್‌ಗೆ ಇದರಿಂದ ದಿನನಿತ್ಯ ಅಷ್ಟೇನೂ ತೊಂದ್ರೆ ಆಗಲ್ಲ, ಯಾಕಂದ್ರೆ ಬೀದೀಲಿ ಹಿಡಿಯೋದು ರಾಜ್ಯದ ಪೊಲೀಸರು. ಆದ್ರೆ ನಿಮ್ಮ ಮಗನಿಗೆ ವೀಸಾ ಕೊಟ್ಟಿರೋದು ಕ್ಯಾಲಿಫೋರ್ನಿಯಾ ಅಲ್ಲ, ಫೆಡರಲ್ ಸರ್ಕಾರ. ಅವನ ಕಾಗದ ನೋಡೋರಿಗೆ ರಾಜ್ಯದ ಓಟು ಲೆಕ್ಕಕ್ಕೇ ಇಲ್ಲ.

ನನಗೆ ಜಾಸ್ತಿ ಕಳವಳ ಆಗೋದು ಎಲ್ಲಿ ಅಂದ್ರೆ, ಕೋರ್ಟಲ್ಲಿ ಶಿಕ್ಷೆ ಆಗಿರ್ಬೇಕು ಅಂತಲೂ ಇಲ್ಲ, ಅಧಿಕಾರಿ ಎದುರು ವಿಧಿವತ್ತಾಗಿ 'ಹೌದು, ತಗೊಂಡಿದೀನಿ' ಅಂತ ಒಪ್ಕೊಂಡ್ರೂ ಒಳಗೆ ಬಿಡದೇ ಇರೋಕೆ, ಗ್ರೀನ್ ಕಾರ್ಡ್ ನಿರಾಕರಿಸೋಕೆ ಅದು ಕಾರಣ ಆಗಬಹುದು. ಊರಿಗೆ ಬಂದು ವಾಪಸ್ ಹೋಗುವಾಗ ಏರ್‌ಪೋರ್ಟಲ್ಲಿ ಫೋನ್ ತೆಗೆಸಿ ನೋಡೋ ಅಧಿಕಾರ ಅವರಿಗಿದೆ, ಅಂಗಡಿ ಮುಂದಿನ ಒಂದು ಫೋಟೋದಿಂದ ಪ್ರಶ್ನೆ ಶುರುವಾಗಬಹುದು. ಗ್ರೀನ್ ಕಾರ್ಡಿನ ಮೆಡಿಕಲ್ ಟೆಸ್ಟಲ್ಲೂ ಡಾಕ್ಟರ್ ಡ್ರಗ್ಸ್ ಬಗ್ಗೆ ಕೇಳ್ತಾರೆ. ಗ್ರೀನ್ ಕಾರ್ಡ್ ಬಂದ ಮೇಲೂ ಮುಗಿಯಲ್ಲ, 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟವಾಗೇ ಹೇಳಿದೆ, ರಾಜ್ಯದಲ್ಲಿ ಲೀಗಲ್ ಇದ್ರೂ ಗಾಂಜಾ ಬಳಸಿದ್ರೆ, ಗಾಂಜಾ ಕಂಪನೀಲಿ ಕೆಲಸ ಮಾಡಿದ್ರೂನೂ, ಸಿಟಿಜನ್‌ಶಿಪ್ಪಿಗೆ ಬೇಕಾದ 'ಒಳ್ಳೆ ನಡತೆ' ಇಲ್ಲ ಅಂತ ಆಗಬಹುದು ಅಂತ.

ಅಧಿಕಾರಿ ಹತ್ರ ಸುಳ್ಳು ಹೇಳು ಅಂತ ಮಾತ್ರ ಯಾರ ಮಾತು ಕೇಳಿಯೂ ಮಗನಿಗೆ ಹೇಳ್ಬೇಡಿ, ಸುಳ್ಳು ಸಿಕ್ಕಿಬಿದ್ರೆ ಅದಿನ್ನೂ ದೊಡ್ಡ ಕೇಸು. ಇವತ್ತಿಂದ ನಿಲ್ಲಿಸ್ಲಿ, ಮುಂದಿನ ಅರ್ಜಿ ಹಾಕೋ ಮುಂಚೆ, ಊರಿಗೆ ಟಿಕೆಟ್ ಮಾಡೋ ಮುಂಚೆ, ಒಬ್ಬ ಇಮಿಗ್ರೇಷನ್ ವಕೀಲರ ಹತ್ರ ಕೂತು ಎಲ್ಲಾ ಬಿಚ್ಚಿ ಹೇಳ್ಲಿ. ವಕೀಲರ ಹತ್ರ ಹೇಳಿದ್ದು ಗುಟ್ಟಾಗಿರುತ್ತೆ. ಮತ್ತೆ ಅಮ್ಮಾ, ಬೈಬೇಡಿ ಅವನಿಗೆ. ನಿಮ್ಮ ಹತ್ರ ನಿಜ ಹೇಳಿದಾನಲ್ಲ, ಆ ಬಾಗಿಲು ಮುಚ್ಚೋದು ಬೇಡ.

ಪ್ರಶ್ನೆ: ಟೆಕ್ಸಾಸ್ ರಾಜ್ಯದ ಡಲ್ಲಾಸಲ್ಲಿ ಎಂಎಸ್ ಮಾಡ್ತಿದೀನಿ. ಫ್ರೆಂಡ್ಸೆಲ್ಲ ಕಾರಲ್ಲಿ ಕೊಲರಾಡೋಗೆ ಟ್ರಿಪ್ ಹೋಗ್ತಿದೀವಿ, ಅಲ್ಲಿಂದ ಗಮ್ಮಿ, ಅಂದ್ರೆ ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ, ತರೋಣ ಅಂತಿದಾರೆ. ಬಿಲ್ ಇದ್ರೆ ಪ್ರಾಬ್ಲಂ ಇಲ್ವಲ್ಲಾ?
— ವಿದ್ಯಾರ್ಥಿ

ಉತ್ತರ: ತರಲೇಬೇಡಪ್ಪ. ಕೊಲರಾಡೋದಲ್ಲಿ 2014ರಿಂದ ಖುಷಿಗೆ ಅಂತಲೇ ಮಾರಾಟ ಇದೆ, ಆದ್ರೆ ಆ ಬಿಲ್ಲು ರಾಜ್ಯದ ಗಡಿ ದಾಟಿದ ಕೂಡ್ಲೆ ಬೆಲೆ ಇಲ್ಲದ ಚೀಟಿ. ಟೆಕ್ಸಾಸಲ್ಲಿ ಎರಡು ಔನ್ಸ್ (ಸುಮಾರು 57 ಗ್ರಾಂ) ಒಳಗಿನ ಗಾಂಜಾ ಸೊಪ್ಪಿಗೇ 180 ದಿನದ ತನಕ ಜೈಲು, 2,000 ಡಾಲರ್ ತನಕ ದಂಡ ಇದೆ. ಗಮ್ಮಿ, ಇ-ಸಿಗರೇಟಲ್ಲಿ ಸೇದೋ ವೇಪ್ ಎಣ್ಣೆ ಸೊಪ್ಪಿನ ಲೆಕ್ಕಕ್ಕೆ ಬರಲ್ಲ, ಗಿಡದ ಸಾರ ಅಂತ ಬೇರೆ ಗುಂಪಲ್ಲಿ ಬರುತ್ತೆ, ಅದು ಒಂದು ಗ್ರಾಂಗಿಂತ ಕಡಿಮೆ ಇದ್ರೂ ಫೆಲನಿ, ಅಂದ್ರೆ ದೊಡ್ಡ ಕೇಸು. ಎಷ್ಟೋ ಹುಡುಗರು ಚಾಕಲೇಟ್ ಥರ ಇದೆ ಅಂತ ಇದನ್ನೇ ಹಗುರ ಅಂದ್ಕೊಂಡಿರ್ತಾರೆ. ಕಾರಲ್ಲಿ ಸಿಕ್ಕಿದ್ರೆ 'ನಂದಲ್ಲ, ಅವನದು' ಅನ್ನೋದನ್ನ ರಸ್ತೇಲಿ ನಿಂತು ಪ್ರೂವ್ ಮಾಡೋಕಾಗಲ್ಲ. ಮನೇವ್ರು ಸಾಲ ಮಾಡಿ ಕಳಿಸಿದ್ರೆ ಅದನ್ನ ಒಂದ್ಸಲ ನೆನೆಸ್ಕೋ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ನ್ಯೂಜೆರ್ಸಿಯ ಮಗಳ ಮನೇಲಿದೀನಿ. ಮಂಡಿನೋವಿಗೆ ಗಾಂಜಾ ಗಮ್ಮಿ ಒಳ್ಳೇದು ಅಂತ ಪಕ್ಕದ ಮನೆಯವರು ಹೇಳ್ತಾರೆ. ಬರುವಾಗ ಒಂದೆರಡು ಡಬ್ಬಿ ತರಬಹುದೇ? ನಮ್ಮಲ್ಲೂ ಭಂಗಿ ಇತ್ತಲ್ಲ?
— ಹಾಸನದ ಓದುಗರು

ಉತ್ತರ: ಮೇಷ್ಟ್ರೇ, ನ್ಯೂಜೆರ್ಸಿಯಲ್ಲಿ 2022ರ ಏಪ್ರಿಲ್‌ನಿಂದ 21 ದಾಟಿದವರಿಗೆ ಮಾರ್ತಾರೆ ನಿಜ, ಆದ್ರೆ ನಿಮ್ಮ ವಿಸಿಟರ್ ವೀಸಾಕ್ಕೂ ಮೇಲೆ ಆ ತಾಯಿಗೆ ಹೇಳಿದ ಮಾತೇ ಅನ್ವಯ. ಇನ್ನು ಭಾರತಕ್ಕೆ ತರೋದಂತೂ ಬೇಡ. ನಮ್ಮ ಮಾದಕ ವಸ್ತುಗಳ 1985ರ ಎನ್‌ಡಿಪಿಎಸ್ ಕಾಯ್ದೇಲಿ ಹೂವು ಸೇರದ ಬರೀ ಎಲೆ, ಬೀಜ ಗಾಂಜಾ ಅಂತ ಲೆಕ್ಕ ಇಲ್ಲ, ಅದಕ್ಕೇ ಭಂಗಿ ಆ ಕಾಯ್ದೆಯಿಂದ ಹೊರಗುಳೀತು, 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಕೇಸಲ್ಲಿ ಇದನ್ನ ಹೇಳ್ತು. ಆದ್ರೆ ಗಮ್ಮೀಲಿರೋದು ಎಲೆಯಲ್ಲ, ಗಿಡದಿಂದ ತೆಗೆದ ಸಾರ, ಜೊತೆಗೆ ವಿದೇಶದಿಂದ ತರೋದಕ್ಕೇ ಅಂತ ಬೇರೆ ಸೆಕ್ಷನ್ನೂ ಇದೆ. ಅಲ್ಲಿನ ಡಾಕ್ಟರ್ ಚೀಟಿ ಬೆಂಗಳೂರು ಕಸ್ಟಮ್ಸಲ್ಲಿ ನಿಮ್ಮನ್ನ ಕಾಪಾಡಲ್ಲ.

ಇನ್ನೊಂದು ವಿಷಯ, ಔಷಧಿಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಇಲಾಖೆ ಎಫ್‌ಡಿಎ 2018ರಲ್ಲಿ ಗಾಂಜಾ ಗಿಡದಿಂದ ತೆಗೆದ ಒಂದು ಔಷಧಿಗೆ ಒಪ್ಪಿಗೆ ಕೊಟ್ಟಿದ್ದು ನಿಜ, ಆದ್ರೆ ಅದು ಮಕ್ಕಳಲ್ಲಿ ಶುರುವಾಗೋ ಕೆಲವು ಕಠಿಣ ಮೂರ್ಛೆರೋಗಕ್ಕೆ, ಮಂಡಿಗಲ್ಲ. ಊರಿಗೆ ಬಂದ ಮೇಲೆ ಮೂಳೆ ಡಾಕ್ಟರಿಗೆ ಒಂದು ಎಕ್ಸ್‌ರೇ ತೋರಿಸಿ, ಬಿಪಿ, ಶುಗರ್ ಮಾತ್ರೆ ಏನಾದ್ರೂ ತಗೋತಿದ್ರೆ ಅದನ್ನೂ ಮರೀದೆ ಹೇಳಿ.